ಕಟ್ಟಡ ಕೂಲಿಕಾರರ ಪ್ರಾಣರಕ್ಷಣೆ

ಕಟ್ಟುತ್ತಿದ್ದ ಮನೆಯು ಕುಸಿದು ಕೂಲಿಕಾರರು ಮೃತರಾದರೆಂಬ ವಾರ್ತೆಯು ನಮ್ಮ ನಾಡಿನಲ್ಲಿ ಈಗೀಗ ಯಾರನ್ನೂ ಬೆಚ್ಚಿಬೀಳಿಸುವಂತೆ ತೋರುವುದಿಲ್ಲ. ಮೊದಲ ದಿನ ಅಧಿಕಾರಿಗಳ ಧಾವಂತ, ಮರುದಿನ ಪರಿಹಾರಧನದ ಪ್ರಕಟಣೆ, ಅದರ ಮರುದಿನ ವಿಚಾರಣೆಯ ಆಜ್ಞೆ, ಅನಂತರ ಮೌನ. ಇದೇ ರೂಢಿಯಾಗಿ ಹೋಗಿದೆ. ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದರೆಂಬ ಗಾದೆಯು ಈ ವಿಷಯಕ್ಕೆ ಒಪ್ಪುವಷ್ಟು ಮತ್ತಾವುದಕ್ಕೂ ಒಪ್ಪಲಾರದು. ಸತ್ತವನ ಮನೆಗೆ ಹಣವನ್ನು ಕಳುಹಿಸುವುದು ದಯೆಯೆಂದು ಎಣಿಸಲ್ಪಡುತ್ತಿದೆ. ಅವನು ಸಾಯದಂತೆ ನೋಡಿಕೊಳ್ಳುವುದು ಯಾರ ಧರ್ಮವೆಂಬ ಪ್ರಶ್ನೆಗೆ ಮಾತ್ರ ಉತ್ತರ ಹೇಳುವವರಿಲ್ಲ. ಈ ಪ್ರಶ್ನೆಯನ್ನೇ ಇಂದು ನಮ್ಮ ವಾಚಕರ ಮುಂದಿಡಲು ನಾವು ಬಯಸುತ್ತೇವೆ.

ಬಹು ಹಿಂದಿನ ಮಾತುಗಳು ಬೇಡ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ, ಇನ್ನೂ ಕಟ್ಟಿ ಮುಗಿಯದಿದ್ದ ಬಹುಮಹಡಿಯ ಕಟ್ಟಡವು ಹಾಡುಹಗಲಿನಲ್ಲಿ ಕುಸಿದು 19 ಜನರು ಪ್ರಾಣವನ್ನು ಕಳೆದುಕೊಂಡರು. 2023ರ ಜನವರಿ 10ರಂದು ಬೆಂಗಳೂರಿನ ನಾಗವಾರದ ಬಳಿ ಮೆಟ್ರೋ ಮಾರ್ಗದ ಕಂಬಕ್ಕಾಗಿ ನಿಲ್ಲಿಸಿದ್ದ ಕಬ್ಬಿಣದ ಹಂದರವು ರಸ್ತೆಗೆ ಉರುಳಿ, ದಾರಿಯಲ್ಲಿ ಹೋಗುತ್ತಿದ್ದ ತಾಯಿಯೂ ಅವಳ ಎಳೆಯ ಮಗನೂ ಮಡಿದರು. 2024ರ ಅಕ್ಟೋಬರ್ 22ರಂದು ಅದೇ ನಗರದ ಬಾಬುಸಾಬ್‌ಪಾಳ್ಯದಲ್ಲಿ, ಪಡೆದ ಅನುಮತಿಯನ್ನು ಮೀರಿ ಮಹಡಿಯ ಮೇಲೆ ಮಹಡಿಯೇರಿಸಿದ್ದ ಕಟ್ಟಡವು ಮಳೆಯ ದಿನ ನೆಲಕಚ್ಚಿ 9 ಮಂದಿ ಸತ್ತರು. ಹೊಟ್ಟೆಪಾಡಿಗಾಗಿ ದೂರದ ಬಿಹಾರದಿಂದ ಬಂದವರೂ ಅವರಲ್ಲಿದ್ದರು. ಇವು ದೊಡ್ಡ ಅನಾಹುತಗಳಾದುದರಿಂದ ಜನರ ಕಿವಿಗೆ ಬಿದ್ದವು. ಸಾರುವೆಯಿಂದ ಜಾರಿಯೋ, ವಿದ್ಯುತ್ ತಂತಿಯನ್ನು ಮುಟ್ಟಿಯೋ, ಮಣ್ಣಿನಡಿಯಲ್ಲಿ ಸಿಕ್ಕಿಯೋ ಒಬ್ಬೊಬ್ಬರಾಗಿ ಸಾಯುವವರಿಗೆ ಪತ್ರಿಕೆಯ ಮೂಲೆಯಲ್ಲಿ ನಾಲ್ಕು ಸಾಲು ದೊರೆತರೆ ಅದೇ ಹೆಚ್ಚು.

ಇದೆಲ್ಲವೂ ದೈವದ ಆಟವೆಂದು ಹೇಳಿ ಕೈತೊಳೆದುಕೊಳ್ಳುವವರಿದ್ದಾರೆ. ಈ ಮಾತನ್ನು ನಾವು ಸರ್ವಥಾ ಒಪ್ಪಲಾರೆವು. ಹಸಿ ಕಾಂಕ್ರೀಟು ಬಲಿಯುವುದಕ್ಕೆ ಕಾಲವು ಬೇಕೆಂಬುದು ಮೇಸ್ತ್ರಿಗಳೆಲ್ಲರಿಗೂ ತಿಳಿದ ಸಂಗತಿ. ನಾಲ್ಕೂವರೆ ಮೀಟರಿಗಿಂತ ಅಗಲವಾದ ತಾರಸಿಯ ಕೆಳಗಿನ ಆಸರೆಗಳನ್ನು 14 ದಿನಗಳಿಗೆ ಮೊದಲು, ಆರು ಮೀಟರಿಗೆ ಮೀರಿದ ತೊಲೆಯ ಆಸರೆಗಳನ್ನು 21 ದಿನಗಳಿಗೆ ಮೊದಲು ತೆಗೆಯಕೂಡದೆಂದು ಭಾರತೀಯ ಮಾನಕಗಳಲ್ಲಿ 456ನೆಯದು ಸ್ಪಷ್ಟವಾಗಿ ವಿಧಿಸಿದೆ. ಒಂದೂವರೆ ಮೀಟರಿಗಿಂತ ಆಳವಾಗಿ ಅಗೆದ ಕಂದಕದ ಪಕ್ಕಗಳಿಗೆ ಹಲಗೆ ತೊಲೆಗಳ ಆಸರೆಯನ್ನು ಕೊಡಬೇಕೆಂಬ ನಿಯಮವೂ ಇದೆ. ಒಂದು ಘನಮೀಟರು ಮಣ್ಣು ಒಂದೂವರೆ ಟನ್ನಿನಷ್ಟು ತೂಗುತ್ತದೆ. ಎದೆಯ ಮಟ್ಟಕ್ಕೆ ಹೂತುಹೋದವನ ತಲೆಯು ಹೊರಗಿದ್ದರೂ ಅವನು ಉಸಿರಾಡಲಾರನು. ಹೀಗಿರಲು ಆಸರೆಯು ಕಾಲಕ್ಕೆ ಮುಂಚೆ ಕಳಚಲ್ಪಡುವುದೇತಕ್ಕೆ? ಸೆಂಟ್ರಿಂಗ್ ಸಾಮಾನಿನ ಬಾಡಿಗೆಯು ದಿನಕ್ಕೆ ದಿನ ಏರುತ್ತದೆ, ಸಾಲದ ಬಡ್ಡಿಯು ನಿಲ್ಲುವುದಿಲ್ಲ, ಮೇಲಿನ ಮಹಡಿಯ ಕೆಲಸವು ಕಾದಿರುತ್ತದೆ. ದೈವದ ಆಟವೆಂದು ಕರೆಯಲ್ಪಡುವುದು ಬಹುಮಟ್ಟಿಗೆ ಲೆಕ್ಕದ ಪುಸ್ತಕದಲ್ಲಿ ಉಳಿಸಿದ ಕೆಲವು ದಿನಗಳ ಬಾಡಿಗೆಯೇ ಆಗಿದೆ.

ಕೂಲಿಕಾರರೇ ಅಲಕ್ಷ್ಯರು, ಕೊಟ್ಟ ಹೆಲ್ಮೆಟ್ಟನ್ನು ಅವರು ಧರಿಸುವುದಿಲ್ಲವೆಂದು ಗುತ್ತೇದಾರರು ಆಕ್ಷೇಪಿಸುತ್ತಾರೆ. ಇದರಲ್ಲಿ ಸತ್ಯಾಂಶವಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಚದರಡಿಯ ಲೆಕ್ಕದಲ್ಲಿ ಕೂಲಿಯನ್ನು ಪಡೆಯುವವನಿಗೆ ಸೊಂಟದ ಪಟ್ಟಿಯನ್ನು ಕಟ್ಟಿ ಬಿಚ್ಚುವ ಪ್ರತಿಯೊಂದು ನಿಮಿಷವೂ ನಷ್ಟವೇ. ಆ ಪಟ್ಟಿಯ ಕೊಕ್ಕೆಯನ್ನು ಸಿಕ್ಕಿಸುವುದಕ್ಕೆ ಭದ್ರವಾದ ಕಂಬಿಯೇ ಇಲ್ಲದ ಕಡೆ ಅದು ಕೇವಲ ಅಲಂಕಾರ. ಅದೂ ಅಲ್ಲದೆ ಹೆಲ್ಮೆಟ್ಟು ರಕ್ಷಣೆಯ ಕೊನೆಯ ಮೆಟ್ಟಿಲೇ ಹೊರತು ಮೊದಲನೆಯದಲ್ಲ. ಮೇಲಿನಿಂದ ಬೀಳುವ ಇಟ್ಟಿಗೆಯ ಪೆಟ್ಟನ್ನು ಅದು ತಾಳಬಹುದು. ಕುಸಿಯುವ ಮಹಡಿಯನ್ನು ತಾಳಲಾರದು. ಸಾರುವೆಗೆ ಕೈಕಟ್ಟು, ಲಿಫ್ಟಿಗಾಗಿ ಬಿಟ್ಟ ತೆರವಿಗೆ ಮುಚ್ಚಳ, ಕಂದಕಕ್ಕೆ ಆಸರೆ, ಯಂತ್ರಗಳಿಗೆ ಹರಿಯುವ ವಿದ್ಯುತ್ತಿಗೆ ತಪ್ಪಿದೊಡನೆ ತಾನಾಗಿ ಕಡಿದುಹೋಗುವ ಸಾಧನ, ಇವು ಮೊದಲು. ಇವುಗಳಲ್ಲಿ ಒಂದನ್ನಾದರೂ ಕೂಲಿಕಾರನು ತನ್ನ ಕೈಯಿಂದ ಒದಗಿಸಿಕೊಳ್ಳಲು ಸಾಧ್ಯವೇ?

ಕಾಯಿದೆಯ ಅಭಾವವು ನಮ್ಮಲ್ಲಿಲ್ಲ. ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರಿಗಾಗಿ 1996ರಲ್ಲಿಯೇ ಎರಡು ಶಾಸನಗಳಾದವು. ಒಂದು ಅವರ ಕೆಲಸದ ಸ್ಥಿತಿಗತಿಗಳನ್ನು ಕುರಿತದ್ದು. ಇನ್ನೊಂದು ಕಟ್ಟಡದ ವೆಚ್ಚದ ಮೇಲೆ ಸುಂಕವನ್ನು ವಿಧಿಸಿ ಕಲ್ಯಾಣನಿಧಿಯನ್ನು ಕೂಡಿಸುವುದಕ್ಕಾಗಿ. ನೂರಕ್ಕೆ ಒಂದರಂತೆ ಸುಂಕವು ವಸೂಲಾಗುತ್ತ ಬಂತು. ಆದರೆ ರಕ್ಷಣೆಯ ನಿಯಮಗಳನ್ನು ಉಲ್ಲಂಘಿಸಿದವನಿಗೆ ಆ ಶಾಸನವು ಗೊತ್ತುಮಾಡಿದ ದಂಡದ ಮಿತಿಯೆಷ್ಟು? ಮೂರು ತಿಂಗಳ ಸೆರೆ ಅಥವಾ ಎರಡು ಸಾವಿರ ರೂಪಾಯಿ, ಇಲ್ಲವೆ ಎರಡೂ. ಕೋಟಿಗಟ್ಟಲೆಯ ವ್ಯವಹಾರದಲ್ಲಿ ಎರಡು ಸಾವಿರ ರೂಪಾಯಿ ಯಾವ ಲೆಕ್ಕ? ಈ ಶಾಸನಗಳ ಅನುಷ್ಠಾನದಲ್ಲಿನ ಔದಾಸೀನ್ಯವನ್ನು ಸರ್ವೋಚ್ಚ ನ್ಯಾಯಾಲಯವು 2018ರ ಮಾರ್ಚ್ ತಿಂಗಳಲ್ಲಿ ಕಟುವಾಗಿ ಖಂಡಿಸಬೇಕಾಗಿ ಬಂದುದನ್ನು ವಾಚಕರು ಮರೆತಿರಲಾರರು.

ಈಗ 2020ರ ವೃತ್ತಿಸುರಕ್ಷತಾ ಸಂಹಿತೆಯು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಅದರಲ್ಲಿ ಮೆಚ್ಚತಕ್ಕುದನ್ನು ಮೆಚ್ಚಲು ನಮಗೆ ಸಂಕೋಚವಿಲ್ಲ. ಕರ್ತವ್ಯಲೋಪದಿಂದ ಕೆಲಸಗಾರನು ಸತ್ತರೆ ಎರಡು ವರ್ಷಗಳ ವರೆಗೆ ಸೆರೆ ಅಥವಾ ಐದು ಲಕ್ಷ ರೂಪಾಯಿಗೆ ಕಡಿಮೆಯಲ್ಲದ ದಂಡ, ಇಲ್ಲವೆ ಎರಡನ್ನೂ ವಿಧಿಸಬಹುದಾಗಿದೆ. ಹಿಂದೆ 500 ಮಂದಿ ಇದ್ದಲ್ಲಿ ಮಾತ್ರ ಬೇಕಾಗಿದ್ದ ಸುರಕ್ಷತಾಧಿಕಾರಿಯು ಈಗ 250 ಮಂದಿ ಇರುವ ನಿರ್ಮಾಣಸ್ಥಳದಲ್ಲಿಯೇ ಇರತಕ್ಕದ್ದು. ಪ್ರತಿಯೊಬ್ಬ ನೌಕರನಿಗೂ ನೇಮಕಪತ್ರವನ್ನು ಕೊಡಬೇಕೆಂಬ ವಿಧಿಯು ಇವೆಲ್ಲಕ್ಕಿಂತ ಮಿಗಿಲಾದುದು. ಏಕೆಂದರೆ ಬಿದ್ದು ಸತ್ತವನು ತಮ್ಮ ಆಳೇ ಅಲ್ಲವೆಂದು ಹೇಳುವ ಬಾಯಿಗಳಿಗೆ ಆ ಒಂದು ಕಾಗದವು ಬೀಗವನ್ನು ಹಾಕಬಲ್ಲುದು.

ಆದರೆ ಹತ್ತು ಮಂದಿಗಿಂತ ಕಡಿಮೆ ಆಳುಗಳಿರುವ ಕಟ್ಟಡದ ಕೆಲಸವನ್ನು ಹಳೆಯ ಶಾಸನದಂತೆಯೇ ಹೊಸ ಸಂಹಿತೆಯೂ ತನ್ನ ವ್ಯಾಖ್ಯೆಯ ಹೊರಗೆ ಇಟ್ಟಿದೆ. ನಮ್ಮ ಊರುಗಳಲ್ಲಿ ನಾಲ್ಕಾರು ಆಳುಗಳಿಂದ ಕಟ್ಟಲ್ಪಡುವ ಮನೆಗಳೇನು ಕಡಿಮೆಯೇ? ಒಳಗೆ ಎಷ್ಟು ಜನರಿದ್ದಾರೆಂದು ಎಣಿಸಿ ನೋಡಿ ಮಣ್ಣು ಕುಸಿಯುವುದಿಲ್ಲ. ಕಲಬುರಗಿ, ಯಾದಗಿರಿ, ರಾಯಚೂರು ಸೀಮೆಗಳಿಂದ ಗುಳೆ ಹೊರಟು ಹೆಂಡತಿಮಕ್ಕಳೊಡನೆ ಬೆಂಗಳೂರಿನ ಮರಳಿನ ರಾಶಿಯ ಪಕ್ಕದಲ್ಲಿ ತಗಡಿನ ಗೂಡು ಕಟ್ಟಿಕೊಳ್ಳುವವನಿಗೆ ಈ ಲೆಕ್ಕಾಚಾರದಿಂದ ಯಾವ ಸಮಾಧಾನವೂ ಸಿಕ್ಕಲಾರದು. ಅಪಾಯವನ್ನು ಕಂಡಾಗ ಮಾಲಿಕನಿಗೂ ತಪಾಸಣಾಧಿಕಾರಿಗೂ ತಿಳಿಸುವ ಹಕ್ಕನ್ನು ಸಂಹಿತೆಯು ಕೊಟ್ಟಿದೆ, ದಿಟ. ಆದರೆ ಇಂದು ದೂರು ಹೇಳಿದವನಿಗೆ ನಾಳೆ ಕೆಲಸವಿಲ್ಲವೆಂಬುದನ್ನು ಬಲ್ಲ ದಿನಗೂಲಿಯವನು ಬಾಯಿ ತೆರೆಯುವನೇ?

ಮುಂಜಾಗ್ರತೆಯಿಂದ ಏನಾಗಬಹುದೆಂಬುದಕ್ಕೆ ಪರದೇಶದ ಒಂದು ನಿದರ್ಶನವನ್ನು ನೋಡೋಣ. ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ 1933ರಿಂದ 1937ರ ವರೆಗೆ ಗೋಲ್ಡನ್ ಗೇಟ್ ಸೇತುವೆಯನ್ನು ಕಟ್ಟಿದಾಗ, ಮುಖ್ಯ ಇಂಜಿನಿಯರರಾದ ಜೋಸೆಫ್ ಸ್ಟ್ರಾಸ್ ಅವರು ಕೆಲಸಗಾರರಿಗೆಲ್ಲ ಶಿರಸ್ತ್ರಾಣವನ್ನು ಕಡ್ಡಾಯಮಾಡಿ, ಸೇತುವೆಯ ಅಡಿಯಲ್ಲಿ ಉದ್ದಕ್ಕೂ ಬಲೆಯನ್ನು ಕಟ್ಟಿಸಿದರು. ಕಾಲು ಜಾರಿದ 19 ಮಂದಿಯನ್ನು ಆ ಬಲೆಯು ಸಾವಿನ ಬಾಯಿಯಿಂದ ಹಿಡಿದುಕೊಂಡಿತು. ಆದರೆ 1937ರ ಫೆಬ್ರವರಿ 17ರಂದು ಭಾರವಾದ ಅಟ್ಟಣಿಗೆಯೊಂದು ಕಳಚಿ, ಬಲೆಯನ್ನೇ ಹರಿದುಕೊಂಡು ಬಿದ್ದಿತು. 10 ಜನರು ಸತ್ತರು. ಬಲೆಯು ಮನುಷ್ಯನನ್ನು ಹಿಡಿಯಬಲ್ಲುದು, ಕೆಟ್ಟ ಅಟ್ಟಣಿಗೆಯನ್ನು ಹಿಡಿಯಲಾರದು. ಒಂದು ರಕ್ಷಣೆಯಿದೆಯೆಂದು ಇನ್ನೊಂದನ್ನು ಸಡಿಲಿಸಬಾರದೆಂಬ ಪಾಠವು ಎಂಬತ್ತು ವರ್ಷಗಳಿಗೂ ಹಳೆಯದು.

ಹಾಗಾದರೆ ಮಾಡತಕ್ಕುದೇನು? ಮೊದಲನೆಯದಾಗಿ, ಕಾರ್ಮಿಕ ಶಾಸನವು ಮುಟ್ಟದ ಚಿಕ್ಕ ಕಟ್ಟಡವನ್ನು ನಗರಸಭೆಯ ಪರವಾನಗಿಯು ಮುಟ್ಟುತ್ತದೆ. ಕಂದಕದ ಆಸರೆ, ಸಾರುವೆಯ ಕೈಕಟ್ಟು, ಆಸರೆ ತೆಗೆಯುವ ದಿನ, ಇಷ್ಟನ್ನಾದರೂ ಪರವಾನಗಿಯ ಷರತ್ತುಗಳನ್ನಾಗಿ ಮಾಡಿ, ಅವು ನೆರವೇರದಲ್ಲಿ ಮುಂದಿನ ಮಹಡಿಗೆ ಅನುಮತಿಯಿಲ್ಲವೆಂದು ವಿಧಿಸಲು ಅಡ್ಡಿಯೇನು? ಎರಡನೆಯದಾಗಿ, ಸರಕಾರದ ಟೆಂಡರುಗಳಲ್ಲಿ ರಕ್ಷಣೆಯ ವೆಚ್ಚವನ್ನು ಪ್ರತ್ಯೇಕವಾಗಿ ಗೊತ್ತುಮಾಡಿ, ಅದನ್ನು ದರದ ಪೈಪೋಟಿಯಿಂದ ಹೊರಗಿಡಬೇಕು. ಅತಿ ಕಡಿಮೆ ಬೆಲೆಯನ್ನು ಕೂಗಿದವನು ಮೊದಲು ಕತ್ತರಿಸುವುದು ಈ ವೆಚ್ಚವನ್ನೇ. ಮೂರನೆಯದಾಗಿ, ಅಪಾಯವೆಂದು ಕೆಲಸವನ್ನು ನಿಲ್ಲಿಸಿದವನಿಗೆ ಅಂದಿನ ಕೂಲಿಯು ತಪ್ಪಕೂಡದು. ಎಚ್ಚರಿಕೆಯ ಮಾತುಗಳು ಅವನ ಭಾಷೆಯಲ್ಲಿಯೇ ಅವನಿಗೆ ತಲುಪಬೇಕು. ಕಡೆಯದಾಗಿ, ತಪಾಸಣಾಧಿಕಾರಿಯು ಮುನ್ಸೂಚನೆಯಿಲ್ಲದೆ ಹೋಗಿ ನೋಡಬೇಕು; ಅವನು ಕಂಡುದು ಸಾರ್ವಜನಿಕರಿಗೂ ತಿಳಿಯಬೇಕು.

ಇವು ಯಾವುವೂ ಅಸಾಧ್ಯವಾದ ಬೇಡಿಕೆಗಳಲ್ಲ. ಮನೆಯನ್ನು ಕಟ್ಟಿಸುವ ಸಾಮಾನ್ಯ ಗೃಹಸ್ಥನೂ ಈ ಹೊಣೆಯಿಂದ ಹೊರಗಲ್ಲ. ಪಾಯಕ್ಕೆ ಪೂಜೆಮಾಡಿಸಿ ಮುಹೂರ್ತವನ್ನು ನೋಡುವಾತನು, ಆ ಪಾಯದ ಗುಂಡಿಗೆ ಇಳಿಯುವವನು ಸಂಜೆಗೆ ಕ್ಷೇಮವಾಗಿ ಮೇಲೆ ಬರುವನೇ ಎಂದೂ ಒಮ್ಮೆ ನೋಡಬಾರದೇ? ಕಾಯಕಕ್ಕೆ ಕೈಲಾಸದ ಸ್ಥಾನವನ್ನು ಕೊಟ್ಟ ನಾಡು ನಮ್ಮದೆಂದು ನಾವು ಹೆಮ್ಮೆಪಡುತ್ತೇವೆ. ಕಾಯಕಕ್ಕೆ ಹೊರಟವನು ಮನೆಗೆ ಮರಳಿ ಬರುವಂತೆ ಮಾಡದ ಹೊರತು ಆ ಹೆಮ್ಮೆಗೆ ನಾವು ಅರ್ಹರಾಗಲಾರೆವು. ಪ್ರಾಣರಕ್ಷಣೆಯು ಕೂಲಿಕಾರನು ಬೇಡುವ ಭಿಕ್ಷೆಯಲ್ಲ. ಅವನಿಗೆ ಸಲ್ಲತಕ್ಕ ಕೂಲಿಯ ಮೊದಲನೆಯ ಕಂತು. ಆ ಕಂತು ಅವನು ಸಾರುವೆಯನ್ನು ಹತ್ತುವುದಕ್ಕೆ ಮೊದಲೇ ಸಂದಾಯವಾಗಬೇಕು.