ಎಡವಿದ ಬೆರಳು

ನಮ್ಮ ಕವಿಗಳು ಪಾದವನ್ನು ಪದ್ಮಕ್ಕೆ ಹೋಲಿಸಿದರು, ಕಾಲಿನ ಉಗುರನ್ನು ಚಂದ್ರನಿಗೆ ಹೋಲಿಸಿದರು. ಆದರೆ ಮಂಚದ ಕಾಲಿಗೆ ಬಡಿದುಕೊಂಡ ಕಿರುಬೆರಳನ್ನು ಯಾವ ಕವಿಯೂ ವರ್ಣಿಸಿದಂತೆ ಕಾಣೆ. ವರ್ಣಿಸುವ ಸ್ಥಿತಿಯಲ್ಲಿ ಅವನು ಇದ್ದಿರಲಾರ! ಆ ಗಳಿಗೆಯಲ್ಲಿ ಪಂಡಿತನ ಬಾಯಿಂದಲೂ ಪಾಮರನ ಬಾಯಿಂದಲೂ ಹೊರಡುವ ಉದ್ಗಾರ ಒಂದೇ. ಅದಕ್ಕೆ ವ್ಯಾಕರಣವಿಲ್ಲ, ಛಂದಸ್ಸೂ ಇಲ್ಲ.

ಗದಗಿನ ಸಮೀಪದಲ್ಲಿ ಮುಳಗುಂದವೆಂಬ ಊರಿದೆ. ಹೆಸರು ಕೇಳಿದೊಡನೆ ಅಂಗಾಲಿಗೆ ಮುಳ್ಳು ತಾಗಿದಂತಾದರೂ, ಕನ್ನಡ ಬಲ್ಲವರಿಗೆ ಅದು ನಯಸೇನನ ಊರು. ಕ್ರಿ.ಶ. 1112ರ ಸುಮಾರಿಗೆ ಅವನು ಬರೆದ 'ಧರ್ಮಾಮೃತ'ದಲ್ಲಿ ಆಶ್ವಾಸಗಳು 14. ಒಂದು ಪಾದದ ಬೆರಳುಗಳಲ್ಲಿರುವ ಮೂಳೆಗಳೂ 14. ಹೆಬ್ಬೆರಳಿಗೆ ಎರಡು, ಉಳಿದ ನಾಲ್ಕಕ್ಕೆ ಮೂರು ಮೂರರಂತೆ. ಇದು ಕಾಕತಾಳೀಯವೇ ಸರಿ. ಆದರೂ, ಆ ಹದಿನಾಲ್ಕನ್ನು ಓದಿ ಪರೀಕ್ಷೆ ಬರೆಯುವ ನಾವು ಈ ಹದಿನಾಲ್ಕನ್ನು ಎಡವಿದಾಗಲಲ್ಲದೆ ನೆನೆಯುವುದಿಲ್ಲ.

ಆ ಸೀಮೆಯ ಹಳೆಯ ಮನೆಗಳಲ್ಲಿ ಎಡವುವುದಕ್ಕೆ ಅವಕಾಶಗಳೇನೂ ಕಡಿಮೆಯಿಲ್ಲ. ತಲೆಬಾಗಿಲಿನ ಎತ್ತರದ ಹೊಸ್ತಿಲು, ಒಳಗೆ ಬಂದರೆ ದನ ಕಟ್ಟುವ ತಗ್ಗು, ಅಲ್ಲಿಂದ ಪಡಸಾಲೆಗೆ ಏರುವ ಕಲ್ಲಿನ ಕಟ್ಟೆ. ಪಟ್ಟಣದ ಮನೆಯಲ್ಲಿ ಹೊಸ್ತಿಲು ತಗ್ಗಿದ್ದರೂ ಮೇಜು, ಕುರ್ಚಿ, ಗ್ಯಾಸಿನ ಸಿಲಿಂಡರುಗಳು ಅದರ ಕೆಲಸವನ್ನು ನಿಷ್ಠೆಯಿಂದ ಮುಂದುವರಿಸಿವೆ. ಹೊರಡುವಾಗ ಹೊಸ್ತಿಲು ಎಡವಿದರೆ ಒಂದು ಗಳಿಗೆ ಕುಳಿತು ನೀರು ಕುಡಿದು ಹೋಗಬೇಕೆಂದು ಹಿರಿಯರು ಹೇಳುತ್ತಾರೆ. ಶಕುನದ ಮಾತು ಹಾಗಿರಲಿ, ಚಿಕಿತ್ಸೆಯ ದೃಷ್ಟಿಯಿಂದ ಇದಕ್ಕಿಂತ ಒಳ್ಳೆಯ ಆರಂಭವಿಲ್ಲ. ಕುಳಿತುಕೊಳ್ಳಿ, ಬೆಳಕಿನಲ್ಲಿ ಬೆರಳನ್ನು ನೋಡಿ, ಆ ಮೇಲೆ ಮುಂದಿನ ಮಾತು.

ಚರ್ಮ ಹರಿದು ರಕ್ತ ಬರುತ್ತಿದ್ದರೆ ಶುಭ್ರವಾದ ಬಟ್ಟೆಯನ್ನಿಟ್ಟು ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಬೇಕು. ನಿಂತಿತೇ ಎಂದು ಗಳಿಗೆಗೊಮ್ಮೆ ಬಟ್ಟೆ ಎತ್ತಿ ನೋಡುವ ಕುತೂಹಲವೇ ರಕ್ತ ನಿಲ್ಲದಿರುವುದಕ್ಕೆ ಎಷ್ಟೋ ಸಲ ಕಾರಣ. ನಿಂತ ಮೇಲೆ ಕುಡಿಯಲು ಯೋಗ್ಯವಾದ ನೀರನ್ನು ಧಾರೆಯಾಗಿ ಹೊಯ್ದು ಮಣ್ಣು, ಹರಳುಗಳೆಲ್ಲ ಹೋಗುವವರೆಗೆ ತೊಳೆಯಬೇಕು. ಸುತ್ತಲಿನ ಚರ್ಮಕ್ಕೆ ಸಾಬೂನು ಹಚ್ಚಬಹುದು. ಗಾಯದ ಔಷಧಗಳಲ್ಲಿ ಮೊದಲನೆಯದು ನೀರು. ಅದಕ್ಕೆ ಬೆಲೆಯಿಲ್ಲವೆಂದೇ ಅದಕ್ಕೆ ಮರ್ಯಾದೆಯೂ ಇಲ್ಲ. ಬಳಿಕ ತೆಳುವಾಗಿ ಪೊವಿಡೋನ್ ಅಯೋಡಿನ್ ಮುಲಾಮು, ಅದರ ಮೇಲೆ ಶುಚಿಯಾದ ಪಟ್ಟಿ. ಪಟ್ಟಿಯನ್ನು ದಿನಕ್ಕೊಮ್ಮೆ ಬದಲಿಸಬೇಕು. ನಡುವೆ ಒದ್ದೆಯಾದರೆ ಆಗಲೇ ಬದಲಿಸಬೇಕು.

ಆದರೆ ನಮ್ಮ ಮನೆಗಳಲ್ಲಿ ವ್ಯವಹಾರ ಇಷ್ಟು ಸರಳವಾಗಿ ಮುಗಿಯುವುದುಂಟೆ? ಅಜ್ಜಿ ಅರಿಶಿನ ತರುತ್ತಾಳೆ, ನೆರೆಮನೆಯವರು ಸುಣ್ಣ ತರುತ್ತಾರೆ, ಬಂದ ನೆಂಟರು ಕಾಫಿಪುಡಿಯೇ ಶ್ರೇಷ್ಠವೆನ್ನುತ್ತಾರೆ, ಒಲೆಯ ಬೂದಿಯ ಪಕ್ಷದವರೂ ಒಬ್ಬರಿರುತ್ತಾರೆ. ಯಾರ ಮನಸ್ಸನ್ನೂ ನೋಯಿಸಬಾರದೆಂದು ನಾಲ್ಕನ್ನೂ ಮೆತ್ತಿಸಿಕೊಂಡವನ ಬೆರಳು ಉಪ್ಪಿನಕಾಯಿಯ ಹೋಳಿನಂತೆ ಕಾಣುತ್ತದೆ. ತಿಳಿಗನ್ನಡದಲ್ಲಿ ಸಲ್ಲದ ಸಂಸ್ಕೃತವನ್ನು ಬೆರೆಸುವುದು ತುಪ್ಪಕ್ಕೆ ಎಣ್ಣೆ ಬೆರೆಸಿದಂತೆ ಎಂದು ಆಕ್ಷೇಪಿಸಿದ ನಯಸೇನ ಈ ಬೆರಕೆಯನ್ನು ಕಂಡಿದ್ದರೆ ಏನೆನ್ನುತ್ತಿದ್ದನೋ! ತೆರೆದ ಗಾಯದಲ್ಲಿ ಪುಡಿ, ಬೂದಿ, ಸುಣ್ಣ ಯಾವುದೂ ಬೇಡ. ಸುಣ್ಣ ಚರ್ಮವನ್ನು ಸುಡುತ್ತದೆ. ಉಳಿದವು ಹೊರಗಿನ ಕೊಳೆಯನ್ನು ಒಳಗೆ ಕೂಡಿಸಿ, ಒಳಗೇನಾಗುತ್ತಿದೆಯೆಂಬುದನ್ನು ಕಣ್ಣಿಗೆ ಮರೆಮಾಡುತ್ತವೆ.

ಚರ್ಮ ಹರಿಯದೆ ಬರೀ ಪೆಟ್ಟಾಗಿ ಬಾತಿದ್ದರೆ ತಂಪೇ ಪರಿಹಾರ. ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ 15–20 ನಿಮಿಷ ಇಡಬೇಕು. ಮೊದಲ ಎರಡು ದಿನ ಇದನ್ನು ನಾಲ್ಕಾರು ಸಲ ಮಾಡಬಹುದು. ಮಂಜುಗಡ್ಡೆ ಇಲ್ಲದಿದ್ದರೆ ಮಣ್ಣಿನ ಗಡಿಗೆಯ ತಣ್ಣೀರಿನಲ್ಲಿ ಅದ್ದಿದ ಬಟ್ಟೆಯೂ ಆದೀತು. ಮಲಗಿದಾಗ ಕಾಲ ಕೆಳಗೆ ಎರಡು ದಿಂಬು ಇರಲಿ. ಎಣ್ಣೆ ಹಾಕಿ ನೀವುವ ಉತ್ಸಾಹವನ್ನು ಮಾತ್ರ ತಡೆಯಬೇಕು. ನೀವಿದಷ್ಟೂ ಬಾವು ಹೆಚ್ಚುತ್ತದೆ. ಉಗುರಿನಡಿ ರಕ್ತ ಹೆಪ್ಪುಗಟ್ಟಿ ಕಪ್ಪಾದರೆ ಕಾಯಿಸಿದ ಸೂಜಿಯಿಂದ ಚುಚ್ಚುವ ಸಾಹಸ ಬೇಡ. ನೋವು ತಡೆಯಲಾರದಷ್ಟಿದ್ದರೆ ಆ ಕೆಲಸವನ್ನು ವೈದ್ಯರು ಶುದ್ಧವಾಗಿ ಮಾಡುತ್ತಾರೆ. ಉಗುರು ಬಿದ್ದುಹೋದರೆ ಗಾಬರಿಯಾಗಬಾರದು, ಆತುರವನ್ನೂ ಪಡಬಾರದು. ಹೆಬ್ಬೆರಳಿನ ಉಗುರು ಪೂರ್ತಿಯಾಗಿ ಮರಳಿ ಬೆಳೆಯಲು 12ರಿಂದ 18 ತಿಂಗಳು ಬೇಕು.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಮಾತಿದೆ. ಬೆರಳಿಗೆ ಪೆಟ್ಟಾದೊಡನೆ, ಬಾವು ಏರುವ ಮೊದಲೇ, ಕಾಲುಂಗುರವನ್ನು ತೆಗೆದುಬಿಡಬೇಕು. ಬಾತ ಮೇಲೆ ಅದು ರಕ್ತಸಂಚಾರವನ್ನೇ ತಡೆಯುವ ಸಂಕೋಲೆಯಾಗುತ್ತದೆ. ಇಲ್ಲಿ ಶಾಸ್ತ್ರ ಅಡ್ಡ ಬರುತ್ತದೆ.

"ಮುತ್ತೈದಿ ಕಾಲುಂಗುರ ತಗೀಬಾರ್ದವ್ವಾ."

"ಬೆರಳ ಬಾತೈತ್ರಿ ಅತ್ತಿ. ಈಗ ತಗದು ದೇವರ ಮುಂದ ಇಡತೇನ್ರಿ, ಆರಾಮಾದ ಮ್ಯಾಲೆ ಮತ್ತ ಹಾಕ್ಕೋತೇನ್ರಿ."

ಈ ಸೊಸೆಯ ಜಾಣತನ ಎಲ್ಲ ಮನೆಗಳಿಗೂ ಬರಲಿ. ಸಾಬೂನಿನ ನೊರೆ ಅಥವಾ ಎಣ್ಣೆ ಹಚ್ಚಿ ಮೆಲ್ಲಗೆ ತಿರುಗಿಸಿದರೆ ಉಂಗುರ ಬರುತ್ತದೆ. ಬಾರದಿದ್ದರೆ ಆಸ್ಪತ್ರೆಯಲ್ಲಿ ಕತ್ತರಿಸಿ ತೆಗೆಯುತ್ತಾರೆ. ಬೆಳ್ಳಿಯನ್ನು ಅಕ್ಕಸಾಲಿಗನು ಮತ್ತೆ ಬೆಸೆಯಬಲ್ಲ, ಬೆರಳನ್ನು ಬೆಸೆಯಲಾರ.

ಇನ್ನು ಧನುರ್ವಾಯುವಿನ ಮಾತು. ತುಕ್ಕು ಹಿಡಿದ ಮೊಳೆಯಿಂದ ಮಾತ್ರ ಅದು ಬರುತ್ತದೆಂದು ಬಹಳ ಜನರ ನಂಬಿಕೆ. ತುಕ್ಕಿನದೇನೂ ತಪ್ಪಿಲ್ಲ. ಆ ರೋಗಾಣುವಿನ ಬೀಜಕಣಗಳ ನೆಲೆ ಮಣ್ಣು ಮತ್ತು ಸಗಣಿ. ಗೊಬ್ಬರ ಉಂಡ ಎರೆಹೊಲದಲ್ಲಿ ಬರಿಗಾಲಿನಲ್ಲಿ ನಡೆಯುವವನಿಗೆ ಕಬ್ಬಿಣದ ಮೊಳೆಯ ಅಗತ್ಯವಿಲ್ಲ, ಜಾಲಿಯ ಮುಳ್ಳೇ ಸಾಕು. 1889ರಲ್ಲಿ ಜಪಾನಿನ ಕಿತಾಸಾಟೋ ಈ ರೋಗಾಣುವನ್ನು ಪ್ರತ್ಯೇಕಿಸಿ ಬೆಳೆಸಿದನು. ಮರುವರ್ಷ ಬೇರಿಂಗ್ ಮತ್ತು ಅವನು ಕೂಡಿ ಅದರ ಪ್ರತಿವಿಷದ ಗುಟ್ಟನ್ನು ತಿಳಿಸಿದರು. ಅಂದು ತೆರೆದ ದಾರಿಯಲ್ಲಿ ಬಂದ ಲಸಿಕೆಗಳ ಬಲದಿಂದ 2015ರಲ್ಲಿ ಭಾರತವು ಬಾಣಂತಿಯರ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ನಿವಾರಿಸಿದ ದೇಶವೆಂದು ಮನ್ನಣೆ ಪಡೆಯಿತು. ಆದರೆ ದೊಡ್ಡವರು ತಮ್ಮ ಚುಚ್ಚುಮದ್ದಿನ ಲೆಕ್ಕವನ್ನು ಮರೆತಿರುತ್ತಾರೆ. ಚಿಕ್ಕಂದಿನ ಲಸಿಕೆಗಳು ಪೂರ್ತಿಯಾಗಿದ್ದವರೂ, ಗಾಯ ಶುಭ್ರವಾಗಿದ್ದರೆ ಕೊನೆಯ ಮದ್ದಿಗೆ ಹತ್ತು ವರ್ಷವಾಗಿದೆಯೇ, ಮಣ್ಣು ಸೇರಿದ್ದರೆ ಐದು ವರ್ಷವಾಗಿದೆಯೇ ಎಂದು ನೋಡಬೇಕು. ಆಗಿದ್ದರೆ ಮತ್ತೆ ಹಾಕಿಸಿಕೊಳ್ಳಬೇಕು. ನೆನಪೇ ಇಲ್ಲದವರು ವೈದ್ಯರನ್ನು ಕೇಳುವುದು ಕ್ಷೇಮ.

ಇಷ್ಟೆಲ್ಲ ಹೇಳಿದ ಮೇಲೂ, ಕೂಗಿಕೊಳ್ಳುವ ಬೆರಳಿನ ವಿಷಯದಲ್ಲಿ ನನಗೆ ಅಷ್ಟಾಗಿ ಭಯವಿಲ್ಲ. ಅದು ತನ್ನ ಅಹವಾಲನ್ನು ತಾನೇ ಹೇಳಿಕೊಳ್ಳುತ್ತದೆ, ಮನೆಮಂದಿಯನ್ನೆಲ್ಲ ಎಬ್ಬಿಸುತ್ತದೆ. ಭಯಪಡಬೇಕಾದದ್ದು ಮೂಕವಾದ ಬೆರಳಿಗೆ.

1914ರಲ್ಲಿ ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಹುಟ್ಟಿದ ಪಾಲ್ ಬ್ರಾಂಡ್ ಎಂಬ ಶಸ್ತ್ರವೈದ್ಯರು 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಬಂದರು. ಕುಷ್ಠದಲ್ಲಿ ಬೆರಳುಗಳು ತಾವಾಗಿಯೇ ಕೊಳೆತು ಉದುರುತ್ತವೆಂದು ಜನ ನಂಬಿದ್ದ ಕಾಲ ಅದು. ನರಗಳು ಸತ್ತು ನೋವು ತಿಳಿಯದೆ ಹೋಗುವುದರಿಂದ ಸುಟ್ಟರೂ ಕೊಯ್ದರೂ ಲಕ್ಷ್ಯವಿಲ್ಲದೆ ರೋಗಿಯು ತನ್ನ ಬೆರಳನ್ನು ತಾನೇ ಸವೆಸಿಬಿಡುತ್ತಾನೆ ಎಂಬುದನ್ನು ಅವರು ತೋರಿಸಿಕೊಟ್ಟರು. ನಿದ್ದೆಯಲ್ಲಿ ಇಲಿ ಕಚ್ಚಿದರೂ ಎಚ್ಚರವಾಗದ ರೋಗಿಗಳಿದ್ದರು. ಮುಂದೆ ಅಮೆರಿಕದಲ್ಲಿ ಕೆಲಸ ಮಾಡುವಾಗ ಇದೇ ತಿಳಿವಳಿಕೆಯನ್ನು ಅವರು ಮಧುಮೇಹಿಗಳ ಪಾದಕ್ಕೂ ಅನ್ವಯಿಸಿದರು. ನೋವು ಯಾರೂ ಬಯಸದ ವರವೆಂಬುದೇ ಅವರ ಜೀವನದ ಸಾರ. 1993ರಲ್ಲಿ ಆ ಅರ್ಥದ ಹೆಸರಿನ ಪುಸ್ತಕವನ್ನೂ ಅವರು ಪ್ರಕಟಿಸಿದರು.

ಇಂದು ಸಕ್ಕರೆ ಕಾಯಿಲೆ ಯಾವ ಬೀದಿಗೂ ಅಪರಿಚಿತವಲ್ಲ. ಬಹುಕಾಲದಿಂದ ಅದು ಇರುವವರಲ್ಲಿ ಪಾದದ ನರಗಳು ಮಂದವಾಗುತ್ತವೆ, ರಕ್ತದ ಹರಿವೂ ಕುಗ್ಗಬಹುದು. ಚಪ್ಪಲಿಯಲ್ಲಿ ಸಿಕ್ಕಿದ ಹರಳು ಇಡೀ ದಿನ ಒತ್ತಿದರೂ ತಿಳಿಯದು. ಎಡವಿದ ಬೆರಳನ್ನೇ ಮತ್ತೆ ಎಡವುವುದೆಂಬ ನಮ್ಮ ಗಾದೆ ಇವರ ಪಾಲಿಗೆ ಅಕ್ಷರಶಃ ನಿಜ. ಒಮ್ಮೆ ಪಾದದಲ್ಲಿ ಹುಣ್ಣಾದವರಿಗೆ ಮತ್ತೊಮ್ಮೆ ಆಗುವ ಸಂಭವ ಬಹಳ ಹೆಚ್ಚು. ಆದಕಾರಣ ಮೇಲೆ ಹೇಳಿದ ಮನೆಯ ಚಿಕಿತ್ಸೆ ಇವರಿಗೆ ಸಲ್ಲದು. ಗಾಯ ಎಳ್ಳಷ್ಟಿದ್ದರೂ ತೊಳೆದು, ಪಟ್ಟಿ ಕಟ್ಟಿ, ವೈದ್ಯರಿಗೆ ತೋರಿಸಬೇಕು. ಮಂಜುಗಡ್ಡೆಯನ್ನೂ ಬಿಸಿನೀರನ್ನೂ ತಾವಾಗಿಯೇ ಪ್ರಯೋಗಿಸಬಾರದು. ಸುಟ್ಟದ್ದು ಇವರಿಗೆ ಮರುದಿನ ತಿಳಿದೀತು.

ಉಳಿದವರೂ ಕೆಲವು ಲಕ್ಷಣಗಳನ್ನು ಕಂಡೊಡನೆ ಮನೆಮದ್ದನ್ನು ಬಿಟ್ಟು ಹೊರಡಬೇಕು: ಒತ್ತಿ ಹಿಡಿದರೂ ನಿಲ್ಲದ ರಕ್ತ, ಸೊಟ್ಟಗಾದ ಬೆರಳು, ಬಿಳಿಚಿಕೊಂಡ ಅಥವಾ ನೀಲಿಗಟ್ಟಿದ ತುದಿ, ಊರಲಾಗದ ಕಾಲು, ಕೀವು, ಜ್ವರ, ಪಾದದ ಮೇಲಕ್ಕೆ ಹಬ್ಬುವ ಕೆಂಪು. ಕಿರಿಯ ಬೆರಳು ಮುರಿದಿದ್ದರೆ ವೈದ್ಯರು ನಡುವೆ ಹತ್ತಿಯನ್ನಿಟ್ಟು ಪಕ್ಕದ ಬೆರಳಿಗೆ ಜೋಡಿಸಿ ಕಟ್ಟುತ್ತಾರೆ. ಸಾಮಾನ್ಯವಾಗಿ ನಾಲ್ಕಾರು ವಾರಗಳಲ್ಲಿ ಕೂಡಿಕೊಳ್ಳುತ್ತದೆ. ಹೆಬ್ಬೆರಳಿಗೆ ಹೆಚ್ಚಿನ ಎಚ್ಚರ ಬೇಕು. ಹೆಜ್ಜೆ ಎತ್ತುವಾಗ ದೇಹದ ಭಾರವನ್ನು ಮುಂದಕ್ಕೆ ನೂಕುವ ಧುರೀಣ ಅದು.

ಸಕ್ಕರೆ ಕಾಯಿಲೆಯ ಹಿರಿಯರು ಪ್ರತಿರಾತ್ರಿ ಕಾಲು ತೊಳೆದು, ಬೆರಳುಗಳ ಸಂದುಗಳನ್ನು ಒರೆಸಿ, ಅಂಗಾಲನ್ನು ನೋಡಿಕೊಳ್ಳಬೇಕೆಂದು ವೈದ್ಯರು ಹೇಳುತ್ತಾರೆ. ಆದರೆ ಎಪ್ಪತ್ತು ದಾಟಿದವರಿಗೆ ಬೆನ್ನು ಬಾಗದು, ಕಣ್ಣು ಕಾಣದು. ಅವರ ಪಾದವನ್ನು ನೋಡುವವರು ಯಾರು? ಹಬ್ಬಹರಿದಿನಗಳಲ್ಲಿ ಹಿರಿಯರ ಕಾಲಿಗೆ ನಮಸ್ಕರಿಸುವ ಪದ್ಧತಿ ನಮ್ಮಲ್ಲಿ ಇನ್ನೂ ಉಳಿದಿದೆ. ಬಾಗಿದ ತಲೆಯನ್ನು ಆಶೀರ್ವಾದ ದೊರೆತೊಡನೆ ಎತ್ತಿಬಿಡದೆ, ಅರೆಗಳಿಗೆ ಆ ಬೆರಳುಗಳ ಸಂದನ್ನು ನೋಡಿ. ಅಜ್ಜನ ಕಾಲು ತಾನಾಗಿ ಹೇಳಲಾರದ ಮಾತನ್ನು ಮೊಮ್ಮಗನ ಕಣ್ಣು ಓದಿಕೊಳ್ಳಲಿ.