ಫೋನೆತ್ತಿದ್ದು ತಾಯಿಯೋ, ಮಗಳೋ?

ಸಹೋದರಿಯರೇ, ನೀವು ಫೋನೆತ್ತಿ 'ಹಲೋ' ಎಂದ ಕೂಡಲೇ ಆ ಕಡೆಯವರು ನಿಮ್ಮನ್ನು ನಿಮ್ಮ ಮಗಳೆಂದೇ ತಿಳಿದು ಮಾತು ಶುರು ಮಾಡಿಬಿಟ್ಟದ್ದುಂಟೇ? ಅನೇಕ ಮನೆಗಳಲ್ಲಿ ಹೀಗಾಗುತ್ತದೆ. ಅತ್ತೆ ಸೊಸೆಯರ ವಿಷಯದಲ್ಲಿ ಮಾತ್ರ ಇದು ಅಪರೂಪ!

ನಮ್ಮ ಗಂಟಲಲ್ಲಿ ಎರಡು ಪುಟ್ಟ ಧ್ವನಿತಂತುಗಳಿವೆ. ಶ್ವಾಸಕೋಶದಿಂದ ಬರುವ ಗಾಳಿಗೆ ಅವು ಕಂಪಿಸುತ್ತವೆ. ಹೆಂಗಸರಲ್ಲಿ ಸೆಕೆಂಡಿಗೆ ಸುಮಾರು 200 ಸಲ, ಗಂಡಸರಲ್ಲಿ ತಂತು ಉದ್ದವೂ ದಪ್ಪವೂ ಆಗಿರುವುದರಿಂದ ಸುಮಾರು 120 ಸಲ. ಆದರೆ ಅಲ್ಲಿ ಹುಟ್ಟುವುದು ಬರೀ ಝೇಂಕಾರ. ಗಂಟಲು, ಬಾಯಿ, ಮೂಗಿನ ಪೊಳ್ಳುಗಳಲ್ಲಿ ಹಾದು ಬರುವಾಗಲೇ ಅದು 'ನಿಮ್ಮ' ಧ್ವನಿಯಾಗುತ್ತದೆ. ತಾಯಿಯ ದವಡೆ, ಅಂಗುಳಗಳ ಆಕಾರ ಮಗಳಿಗೆ ಬಂದರೆ ಧ್ವನಿಯೂ ಹೋಲುತ್ತದೆ. ಎಲ್ಲಿ ಎಳೆಯಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಮಗಳು ತಾಯಿಯಿಂದಲೇ ಕಲಿತಿರುತ್ತಾಳೆ. ಸಾಲದ್ದಕ್ಕೆ ಹಳೆಯ ಟೆಲಿಫೋನ್ ಸೆಕೆಂಡಿಗೆ 300ರಿಂದ 3,400 ಕಂಪನಗಳ ನಡುವಿನ ನಾದವನ್ನಷ್ಟೇ ದಾಟಿಸುತ್ತಿತ್ತು. ಉಳಿದ ಸೂಕ್ಷ್ಮ ವ್ಯತ್ಯಾಸಗಳು ತಂತಿಯಲ್ಲೇ ಉಳಿದುಬಿಡುತ್ತಿದ್ದವು.

ರಕ್ತಸಂಬಂಧವಿಲ್ಲದೆಯೂ ಧ್ವನಿ ಕೂಡಬಹುದು. ಬೀಳಗಿಯ ಗೋಹರಬಾಯಿ ಕರ್ನಾಟಕಿಯವರನ್ನೇ ನೋಡಿ. 1943ರ 'ಕಿಸ್ಮತ್' ಚಿತ್ರದಲ್ಲಿ ಹಾಡಿ ಮನೆಮಾತಾದ ಅಮೀರಬಾಯಿಯವರ ಸೋದರಿ ಈಕೆ. ಮರಾಠಿ ರಂಗಭೂಮಿಯಲ್ಲಿ ಸ್ತ್ರೀಪಾತ್ರ ಮಾಡಿ ಹಾಡುತ್ತಿದ್ದ ಬಾಲಗಂಧರ್ವರ ಗಾಯನವನ್ನು ಎಷ್ಟು ಮೈಗೂಡಿಸಿಕೊಂಡಿದ್ದರೆಂದರೆ ಅವರಂತೆಯೇ ಹಾಡುವವರೆಂದು ಹೆಸರಾದರು, ಮುಂದೆ ಅವರ ನಾಟಕ ಕಂಪನಿಯನ್ನೇ ಸೇರಿದರು. ಹೆಣ್ಣಾಗಿ ಹಾಡುವ ಗಂಡಿನಂತೆ ಹಾಡಿದ ಹೆಣ್ಣು! ಧ್ವನಿಯಲ್ಲಿ ಅರ್ಧ ಹುಟ್ಟಿನದು, ಇನ್ನರ್ಧ ಕಿವಿಯದು ಎಂದು ನನಗನಿಸುವುದು ಇಂಥವರಿಂದಲೇ.

ಗೋಹರಬಾಯಿಗೆ ಇದು ವರ್ಷಗಳ ಸಾಧನೆ. ಇಂದು ಕಂಪ್ಯೂಟರಿಗೆ ಕೆಲವು ಸೆಕೆಂಡುಗಳ ರೆಕಾರ್ಡಿಂಗ್ ಸಾಕು. ವಾಟ್ಸ್ಯಾಪ್‌ನಲ್ಲೋ ಇನ್‌ಸ್ಟಾಗ್ರಾಂನಲ್ಲೋ ನಿಮ್ಮ ಮಗ ಹಾಕಿದ ಒಂದು ವಿಡಿಯೋದಿಂದ ಅವನ ಧ್ವನಿಯನ್ನು ನಕಲು ಮಾಡಿ, "ಅಮ್ಮೀ, ಆಕ್ಸಿಡೆಂಟ್ ಆಗಿದೆ, ತಕ್ಷಣ ದುಡ್ಡು ಕಳಿಸು" ಎಂದು ಅಳಿಸಬಹುದು. ಆಳಂದ ತಾಲೂಕಿನ ಸರಸಂಬಾದಂಥ ಗಡಿಯೂರಿನ ತಾಯಿಯನ್ನು ನೆನೆಯಿರಿ. ಮಗ ದುಡಿಯಲು ಪುಣೆಗೋ ಮುಂಬೈಗೋ ಹೋಗಿರುತ್ತಾನೆ. ಅವನು ಹತ್ತಿರವಿರುವುದೇ ಧ್ವನಿಯ ಮೂಲಕ. ಆ ಧ್ವನಿ ಅತ್ತರೆ ಯಾವ ತಾಯಿ ಲೆಕ್ಕ ಹಾಕುತ್ತಾ ಕೂರುತ್ತಾಳೆ? ಮೋಸ ಹೋದವಳನ್ನು 'ದಡ್ಡಿ' ಎನ್ನುವವರ ಮೇಲೆ ನನಗೆ ಸಿಟ್ಟೇ ಬರುತ್ತದೆ.

ಅಂಥ ಕರೆ ಬಂದರೆ ಕಟ್ ಮಾಡಿ, ನಿಮ್ಮಲ್ಲಿರುವ ಮಗನ ನಂಬರಿಗೆ ನೀವೇ ಕರೆ ಮಾಡಿ. ಅವನು ಎತ್ತದಿದ್ದರೆ ಜೊತೆಗಿರುವ ಗೆಳೆಯನಿಗೆ ಮಾಡಿ. ಹಣ ಹೋಗಿಯೇಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಯ ದೂರು ಪಡೆಯುವ ಸಂಖ್ಯೆ. ಮನೆಯವರಿಗಷ್ಟೇ ಗೊತ್ತಿರುವ ಒಂದು ಗುಟ್ಟಿನ ಮಾತನ್ನೂ ಇಟ್ಟುಕೊಳ್ಳಿ. ಅಜ್ಜಿಯ ಆಡಿನ ಹೆಸರಾದರೂ ಸರಿ. ಅದನ್ನು ಮೊಬೈಲಿನಲ್ಲಿ ಬರೆದು ಕಳಿಸಬೇಡಿ. ಮಗ ಈದ್‌ಗೆ ಊರಿಗೆ ಬಂದಾಗ ಕಿವಿಯಲ್ಲಿ ಹೇಳಿ.