ಬಲ್ಬಿನ ತಪ್ಪಲ್ಲ ಸ್ವಾಮಿ, ಡಬ್ಬಿಯ ತಪ್ಪು!

ಎಲ್‌ಇಡಿ ಬಲ್ಬು ಮಿಣಮಿಣ ಅನ್ನತೊಡಗಿದರೆ ನಾವು ಮಾಡುವ ಮೊದಲ ಕೆಲಸ ಅದನ್ನು ಬಿಚ್ಚಿ ಬಿಸಾಕುವುದು. ಎರಡನೆಯದು, ಇನ್ನೂ ದುಬಾರಿ ಕಂಪನಿಯದನ್ನು ತಂದು ಹಾಕುವುದು. ಅದೂ ಮಿಣಮಿಣ ಅಂದರೆ "ಈಗಿನ ಮಾಲೇ ಹೀಗೆ, ಹಳೇ ಬಲ್ಬೇ ವಾಸಿ" ಅಂತ ಷರಾ ಬರೆದು ಸುಮ್ಮನಾಗುವುದು. ಆದರೆ ಡಿಮ್ಮರ್ ಇರುವ ಕಡೆ ಅನೇಕ ಸಲ ಬಲ್ಬು ನಿರಪರಾಧಿ. ನನ್ನ ಜಗಳವೆಲ್ಲ ಅದರ ಡಬ್ಬಿಯ ಮೇಲಿನ ಒಂದೇ ಒಂದು ಪದದ ಜೊತೆ: "ಡಿಮ್ಮಬಲ್".

ಆ ಪದ ಅರ್ಧ ಸತ್ಯ. ಯಾವ ಡಿಮ್ಮರಿನ ಜೊತೆ ಅನ್ನೋದು ಉಳಿದರ್ಧ. ಅದನ್ನು ಎಷ್ಟೋ ಡಬ್ಬಿಗಳ ಮೇಲೆ ಅಚ್ಚು ಹಾಕಿರುವುದಿಲ್ಲ.

ಒಳಗೆ ನಡೆಯುವುದು ಇಷ್ಟು. ನಮ್ಮ ಮನೆಗೆ ಬರುವುದು 230 ವೋಲ್ಟಿನ, ಸೆಕೆಂಡಿಗೆ 50 ಸಲ ಏರಿಳಿಯುವ ಕರೆಂಟು. ಗೋಡೆಯ ಮೇಲಿನ ತಿರುಗಿಸುವ ಹಳೇ ಡಿಮ್ಮರಿನೊಳಗೆ ಟ್ರಯಾಕ್ ಅನ್ನುವ ಪುಟ್ಟ ಬಿಡಿಭಾಗ ಇರುತ್ತದೆ. ಪ್ರತಿ ಅರ್ಧ ಅಲೆಯ ಮುಂಭಾಗವನ್ನು ತಡೆದು ಉಳಿದದ್ದನ್ನು ಮಾತ್ರ ಬಲ್ಬಿಗೆ ಬಿಡುವುದು ಅದರ ಕೆಲಸ. ಸೆಕೆಂಡಿಗೆ 100 ಸಲ! ಹಳೇ ಗುಂಡು ಬಲ್ಬಿನ ತಂತಿ ಕಾದಿರುವುದರಿಂದ ಅಷ್ಟರಲ್ಲಿ ಆರುತ್ತಿರಲಿಲ್ಲ, ನಮ್ಮ ಕಣ್ಣಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಎಲ್‌ಇಡಿಗೆ ಆ ಬಿಸಿಯ ಉಳಿತಾಯ ಇಲ್ಲ. ಅದರ ಡ್ರೈವರ್ ಸರ್ಕ್ಯೂಟ್ ಸಂಭಾಳಿಸದಿದ್ದರೆ ಕರೆಂಟು ನಿಂತ ಕೂಡಲೇ ಬೆಳಕೂ ನಿಲ್ಲುತ್ತದೆ.

ಇನ್ನೊಂದು ತಕರಾರು ಇದೆ. ಟ್ರಯಾಕ್ ತೆರೆದುಕೊಂಡೇ ಇರಬೇಕಾದರೆ ಅದರ ಮೂಲಕ ಒಂದಿಷ್ಟು ಕರೆಂಟು ಹರಿಯುತ್ತಲೇ ಇರಬೇಕು. 60 ವ್ಯಾಟಿನ ಗುಂಡು ಬಲ್ಬು ಅಷ್ಟನ್ನು ಧಾರಾಳವಾಗಿ ಎಳೆಯುತ್ತಿತ್ತು. 9 ವ್ಯಾಟಿನ ಎಲ್‌ಇಡಿಗೆ ಎಲ್ಲಿಂದ ಬರಬೇಕು? ಟ್ರಯಾಕ್ ನಡುವೆಯೇ ಮುಚ್ಚಿಕೊಳ್ಳುತ್ತದೆ, ಮತ್ತೆ ತೆರೆಯುತ್ತದೆ. ಅದೇ ನೀವು ನೋಡುವ ಮಿಣಮಿಣ.

ಹಾಗಾಗಿ ಬಿಸಾಕುವ ಮುನ್ನ ಒಂದೆರಡು ಪರೀಕ್ಷೆ ಮಾಡಿ. ಬಲ್ಬನ್ನು ಡಿಮ್ಮರ್ ಇಲ್ಲದ ಬೇರೆ ಹೋಲ್ಡರಿಗೆ ಹಾಕಿ. ಅಲ್ಲೂ ಮಿಣುಕಿದರೆ ಬಲ್ಬು ಕೆಟ್ಟಿರುವ ಸಾಧ್ಯತೆ ಹೆಚ್ಚು. ಸುಮ್ಮನೆ ಉರಿದರೆ ಡಬ್ಬಿ ನೋಡಿ. "ಡಿಮ್ಮಬಲ್" ಅಂತ ಇಲ್ಲದಿದ್ದರೆ ಅದನ್ನು ಡಿಮ್ಮರಿಗೆ ಹಾಕಲೇಬೇಡಿ, ಫುಲ್ ಇಟ್ಟರೂ ಬೇಡ. ಫ್ಯಾನಿನ ರೆಗ್ಯುಲೇಟರಿಗಂತೂ ಸುತರಾಂ ಬೇಡ. "ಡಿಮ್ಮಬಲ್" ಅಂತ ಇದ್ದೂ ಮಿಣುಕಿದರೆ, ಅದೇ ಡಿಮ್ಮರಿನಲ್ಲಿ ನಾಲ್ಕೈದು ದೀಪಗಳಿರುವ ಕಡೆ ಒಂದಕ್ಕೆ ಮಾತ್ರ ಹಳೇ ಗುಂಡು ಬಲ್ಬು ಹಾಕಿ ನೋಡಿ. ಮಿಣುಕು ನಿಂತಿತೇ? ಹಾಗಾದರೆ ಲೋಡು ಸಾಲದೇ ಬಂದ ತೊಂದರೆ ಅದು. ಬದಲಾಯಿಸಬೇಕಾದ್ದು ಡಿಮ್ಮರನ್ನು. ಅಲೆಯ ಹಿಂಭಾಗವನ್ನು ಕತ್ತರಿಸುವ "ಟ್ರೇಲಿಂಗ್ ಎಡ್ಜ್" ಡಿಮ್ಮರುಗಳು ಸಾಮಾನ್ಯವಾಗಿ ಎಲ್‌ಇಡಿ ಜೊತೆ ಚೆನ್ನಾಗಿ ಹೊಂದಿಕೊಳ್ಳುತ್ತವೆ.

ಸ್ವಿಚ್ಚು ಆರಿಸಿದ ಮೇಲೂ ಬಲ್ಬು ಮಂದವಾಗಿ ಉರಿಯುವುದು ಬೇರೆ ಕಥೆ. ಸ್ವಿಚ್ಚಿನಲ್ಲಿ ಕೆಂಪು ಇಂಡಿಕೇಟರ್ ಇದ್ದರೆ ಅದರ ಮೂಲಕ ನುಸುಳುವ ಚೂರು ಕರೆಂಟೇ ಸಾಕು. ಅದಿಲ್ಲದೆಯೂ ಹಾಗಾದರೆ ಫೇಸ್ ಬದಲು ನ್ಯೂಟ್ರಲ್ಲಿಗೆ ಸ್ವಿಚ್ಚು ಕೂರಿಸಿದ್ದಾರಾ ಅಂತ ಎಲೆಕ್ಟ್ರಿಷಿಯನ್ನಿಗೆ ತೋರಿಸಿ. ಹಾಗಿದ್ದರೆ ಸ್ವಿಚ್ಚು ಆರಿಸಿದರೂ ಹೋಲ್ಡರಿನಲ್ಲಿ ಕರೆಂಟು ಇರುತ್ತದೆ, ಬಲ್ಬು ಬದಲಿಸುವವರ ಕೈಗೆ ಅಪಾಯ. ಇನ್ನು ಒಂದು ಕೋಣೆಯ ದೀಪ ಮಂಕಾಗಿ ಇನ್ನೊಂದರದ್ದು ಜೋರಾದರೆ ಯಾವ ಪ್ರಯೋಗವೂ ಬೇಡ. ನ್ಯೂಟ್ರಲ್ ಸಡಿಲವಾಗಿರಬಹುದು. ಮೇನ್ ಆಫ್ ಮಾಡಿ, ಲೈನ್‌ಮನ್ ಕರೆಸಿ.

ಈಗ ಅಂಗಡಿಯ ವಿಷಯಕ್ಕೆ ಬರೋಣ. ನಮ್ಮ ಬೀದಿಯ ಪೆನ್ಷನ್ ಮೇಷ್ಟ್ರೊಬ್ಬರು ವಾರಂಟಿ ಇದೆಯಲ್ಲಾ ಅಂತ ಬಲ್ಬು ವಾಪಸ್ ಒಯ್ದರು. ಅಂಗಡಿಯವರು ಕೌಂಟರಿನ ಹೋಲ್ಡರಿಗೆ ಹಾಕಿ ಉರಿಸಿ "ಸರಿಯಾಗೇ ಇದೆಯಲ್ಲ ಸಾರ್" ಅಂದರು. ಇದೆ, ಖಂಡಿತ ಸರಿಯಾಗಿದೆ! ಆ ಹೋಲ್ಡರಿಗೆ ಡಿಮ್ಮರೇ ಇಲ್ಲವಲ್ಲ. ಬಲ್ಬು ಮಾಡಿದವರು ಡಿಮ್ಮರಿನ ಮೇಲೆ, ಡಿಮ್ಮರ್ ಮಾಡಿದವರು ವೈರಿಂಗಿನ ಮೇಲೆ, ವೈರಿಂಗಿನವರು ಬಲ್ಬಿನ ಮೇಲೆ ಹೇಳುತ್ತಾ ಹೋದರೆ ದುಡ್ಡು ಕೊಟ್ಟವರ ಪಾಡೇನು?

ಕೆಲವು ಕಂಪನಿಗಳು ಯಾವ ಡಿಮ್ಮರಿಗೆ ಯಾವ ಬಲ್ಬು ಅಂತ ಪಟ್ಟಿ ಮಾಡಿ ತಮ್ಮ ವೆಬ್‌ಸೈಟಿನಲ್ಲಿ ಹಾಕಿವೆ. ಅಂದರೆ ಅವರಿಗೆ ವಿಷಯ ಗೊತ್ತು! ಹಾಗಾದರೆ ಡಬ್ಬಿಯ ಮೇಲೆ ಮೂರು ಸಾಲು ಹಾಕಲು ಏನು ಧಾಡಿ? ಯಾವ ಬಗೆಯ ಡಿಮ್ಮರ್, ಕಡಿಮೆ ಅಂದರೆ ಎಷ್ಟು ವ್ಯಾಟಿನ ಲೋಡು, ಎಷ್ಟರಮಟ್ಟಿಗೆ ಮಂದ ಮಾಡಬಹುದು. ಅದೂ ಕನ್ನಡದಲ್ಲಿ, ಕನ್ನಡಕ ಹಾಕಿಕೊಂಡರೆ ಓದಲು ಬರುವಷ್ಟು ದೊಡ್ಡ ಅಕ್ಷರದಲ್ಲಿ.

ಇದು ಬರೀ ದುಡ್ಡಿನ ಮಾತೂ ಅಲ್ಲ. ಮಿಣುಕುವ ಬೆಳಕಿನಲ್ಲಿ ಓದಿದರೆ ಕೆಲವರಿಗೆ ತಲೆನೋವು ಬರುತ್ತದೆ, ಬೆಳಕಿಗೆ ಕೆರಳುವ ಫಿಟ್ಸ್ ಇರುವವರಿಗೆ ಇನ್ನೂ ಕಷ್ಟ. 2015ರಲ್ಲೇ ಐಇಇಇ 1789 ಅನ್ನುವ ಮಾನದಂಡ ಈ ಮಿಣುಕಿನ ಮಿತಿಗಳ ಬಗ್ಗೆ ಶಿಫಾರಸು ಮಾಡಿದೆ.

ಮುಂದಿನ ಸಲ ಅಂಗಡಿಗೆ ಹೋದಾಗ ಒಂದು ಕೆಲಸ ಮಾಡಿ. ನಿಮ್ಮ ಮನೆಯ ಡಿಮ್ಮರಿನ ಫೋಟೋ ಮೊಬೈಲಿನಲ್ಲಿ ತೋರಿಸಿ, "ಇದರ ಜೊತೆ ನಡೆಯುತ್ತಾ? ನಡೆಯದಿದ್ದರೆ ವಾಪಸ್ ತಗೋತೀರಾ?" ಅಂತ ಕೇಳಿ. ಹೂಂ ಅಂದರೆ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ನಾಲ್ಕು ಜನ ಹೀಗೆ ಕೇಳಿದರೆ ಅಂಗಡಿಯವರು ಕಂಪನಿಯವರನ್ನು ಕೇಳುತ್ತಾರೆ. ಡಬ್ಬಿ ಬದಲಾಗುವುದು ಆಗಲೇ. ಏನಂತೀರಿ?